ಬಾನೆಟ್ಟಿನೊಳಗಿನ ಬೆಳ್ಳಿ ಕಣ್ಣು

ನಾನು ಒಂದು ಕಾರಿನ ಎ.ಸಿ. ಕಂಪ್ರೆಸರ್. ಹೆಸರು ಕೇಳಿ ಭಾರಿ ಯಂತ್ರವೆಂದು ಭಾವಿಸಬೇಡಿ. ಗಾತ್ರದಲ್ಲಿ ಒಂದು ಸಣ್ಣ ಕುಂಬಳಕಾಯಿಯಷ್ಟಿದ್ದೇನೆ. ಅಲ್ಯುಮಿನಿಯಂ ಮೈ, ಹೊಟ್ಟೆಯೊಳಗೆ ಹಿಂದೆ ಮುಂದೆ ಓಡಾಡುವ ಪುಟ್ಟ ಪಿಸ್ಟನ್ನುಗಳು, ಮುಂದುಗಡೆ ಒಂದು ಚಕ್ರ. ಎಂಜಿನ್ನು ಆ ಚಕ್ರಕ್ಕೆ ಬೆಲ್ಟು ಹಾಕಿ ನನ್ನನ್ನು ತಿರುಗಿಸುತ್ತದೆ. ನಾನು ಗ್ಯಾಸನ್ನು ಹಿಂಡಿ ಮುಂದಕ್ಕೆ ತಳ್ಳುತ್ತೇನೆ. ಅದರಿಂದಾಗಿ ಒಳಗೆ ಕುಳಿತವರ ಮುಖಕ್ಕೆ ತಂಗಾಳಿ ಬೀಸುತ್ತದೆ, ಅವರು ‘ಆಹಾ’ ಎನ್ನುತ್ತಾರೆ. ನಾನು ಮಾತ್ರ ಎಂಜಿನ್ನಿನ ಪಕ್ಕದಲ್ಲಿ ರೊಟ್ಟಿಯ ಹೆಂಚಿನಂತೆ ಕಾಯುತ್ತಿರುತ್ತೇನೆ. ಕಂಡವರಿಗೆಲ್ಲ ತಂಪು ಹಂಚಿದ ನನಗೆ ಒಂದು ದಿನವೂ ಅದು ತಾಗಲಿಲ್ಲ. ಹಣೆಬರಹ ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ನನಗೆ ಹಣೆಯೂ ಇರಲಿಲ್ಲ.

ದೂರದ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಅಂದೇ ಹುಟ್ಟಿದ ಅಣ್ಣತಮ್ಮಂದಿರು ನಾಲ್ಕುನೂರು ಮಂದಿ. ಹಿರಿಯನಾರು ಕಿರಿಯನಾರು ಎಂದು ಜಗಳ ತೆಗೆಯುವ ಮೊದಲೇ ನಮ್ಮನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ಹಾಕಿ ದಿಕ್ಕಿಗೊಬ್ಬರಂತೆ ಕಳಿಸಿಬಿಟ್ಟರು. ನನ್ನನ್ನು ಒಂದು ಬೂದಿ ಬಣ್ಣದ ಕಾರಿನೊಳಗೆ ಕೂರಿಸಿದರು. ಅದನ್ನು ಕೊಂಡವನು ಹೊಸಪೇಟೆಯ ಖಾನಾವಳಿ ಮಾಲೀಕ ಹಾಲಪ್ಪ. ಅವನ ಬಳಿ ಇದ್ದ ನಾಲ್ಕು ವರ್ಷ ನನಗೆ ಕೆಲಸವೇ ಇರಲಿಲ್ಲ. ಹಾಲಪ್ಪ ಗಾಜುಗಳನ್ನೆಲ್ಲ ಏರಿಸಿ, ಎ.ಸಿ. ಹಚ್ಚದೆ, ಬೆವರಿನಲ್ಲಿ ತೊಯ್ದು, ನಗುನಗುತ್ತ ಪೇಟೆಯ ಉದ್ದಕ್ಕೂ ಹೋಗುತ್ತಿದ್ದ. ನೋಡಿದವರು ಎ.ಸಿ. ಕಾರೆಂದು ತಿಳಿಯಬೇಕು, ಎಣ್ಣೆಯೂ ಉಳಿಯಬೇಕು! ಒಂದು ಬೇಸಗೆಯಲ್ಲಿ ತಲೆ ತಿರುಗಿ ಸಂತೆಯ ಬದನೆಕಾಯಿ ಗುಡ್ಡೆಗೆ ಕಾರು ನುಗ್ಗಿಸಿದ ಮೇಲೆ ಅದನ್ನು ಮಾರಿಬಿಟ್ಟ.

ಕೊಂಡವರು ಕೊಪ್ಪಳದ ಪಂಪಣ್ಣ ಮಾಸ್ತರರು. ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ನಶ್ಯ ಏರಿಸುವುದು, ದೇವರನ್ನು ತಮಾಷೆ ಮಾಡುವುದು, ಇವೆರಡೇ ಅವರ ಚಟ. ಅವರ ಹೆಂಡತಿ ಬಸಲಿಂಗಮ್ಮನವರದು ದಿನಕ್ಕೆ ಮೂರು ಹೊತ್ತು ಪೂಜೆ. ಕಾರು ಮನೆಗೆ ಬಂದ ದಿನವೇ ಇಬ್ಬರ ಮಾತನ್ನು ನಾನು ಬಾನೆಟ್ಟಿನೊಳಗಿನಿಂದ ಕೇಳಿದೆ.

“ಒಂದು ನಿಂಬಿಹಣ್ಣರ ಕಟ್ಟೂಣೇನ್ರಿ?”

“ನಿಂಬಿಹಣ್ಣು ಇರೋದು ಶರಬತ್ತಿಗೆ. ಕಾರಿಗೆ ಬ್ರೇಕ್ ಐತಿ.”

ಎರಡು ವರ್ಷ ಸುಖವಾಗಿ ಕೆಲಸ ಮಾಡಿದೆ. ಆಮೇಲೆ ಬಸಲಿಂಗಮ್ಮನವರ ಎರಡೂ ಕಣ್ಣಿಗೆ ಪೊರೆ ಬಂತು. ಅಕ್ಕಿಯಲ್ಲಿನ ಕಲ್ಲು ಕಾಣದಾಯಿತು, ಕಡೆಗೆ ಗಂಡನ ಮುಖವೂ ಮಂಜಾಯಿತು. ಆಸ್ಪತ್ರೆಗೆ ಹೋಗುವಾಗ ಅವರು ಮೆಲ್ಲನೆ, “ಗುಡ್ಡದ ಗಾಳೆಮ್ಮಗ ಬೆಳ್ಳಿ ಕಣ್ಣು ಕೊಡ್ತೀನಂತ ಬೇಡ್ಕೊಳ್ಳೇನ್ರಿ?” ಎಂದರು. ಆ ಕಡೆಯವರು ಕಣ್ಣುನೋವಿಗೆ ಆ ತಾಯಿಗೆ ಹರಕೆ ಹೊರುವುದು ರೂಢಿ.

“ಗಾಳೆಮ್ಮನ ಕಣ್ಣು ಚಲೋ ಅದಾವ. ಡಾಕ್ಟರ ಕಣ್ಣು ನೆಟ್ಟಗಿದ್ರ ಸಾಕು, ಸುಮ್ನಿರು,” ಎಂದರು ಮಾಸ್ತರರು. ಬಸಲಿಂಗಮ್ಮನವರು ಹರಕೆ ಹೊರಲಿಲ್ಲ.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಮಾಸ್ತರರು ಒಬ್ಬರೇ ಅಕ್ಕಸಾಲಿಗರ ಓಣಿಗೆ ಕಾರು ತಂದರು. ಹಿಂತಿರುಗಿ ಬಂದು, ಅತ್ತಿತ್ತ ನೋಡಿ, ಕಳ್ಳನಂತೆ ಬಾನೆಟ್ಟು ಎತ್ತಿದರು. ಜೇಬಿನಿಂದ ಎಲೆಯಷ್ಟು ತೆಳುವಾದ ಎರಡು ಬೆಳ್ಳಿ ಕಣ್ಣು ಹೊರಬಂದವು! ಅವನ್ನು ಕರವಸ್ತ್ರದಲ್ಲಿ ಸುತ್ತಿ ತಮ್ಮ ನಶ್ಯದ ಡಬ್ಬಿಯೊಳಗಿಟ್ಟರು. ಮೇಲೊಂದು ಮಡಿಚಿದ ಕಾಗದ ತುರುಕಿ ಮುಚ್ಚಳ ಹಾಕಿದರು. ಡಬ್ಬಿಯನ್ನು ತಂತಿಯಿಂದ ನನ್ನ ಮೈಯ ಹಿಂಬದಿಗೆ ಬಿಗಿದು ಕಟ್ಟಿದರು. ಮನೆಯಲ್ಲಿ ಬಸಲಿಂಗಮ್ಮನವರು ಕೈಯಾಡಿಸದ ಜಾಗವಿರಲಿಲ್ಲ. ಅವರು ತೆರೆಯದ ಮುಚ್ಚಳವೆಂದರೆ ಇದೊಂದೇ.

“ಯಾರಿಗೂ ಹೇಳಬ್ಯಾಡ,” ಎಂದು ನನ್ನ ಬೆನ್ನು ತಟ್ಟಿದರು. ನಾನು ಮಾತು ಉಳಿಸಿಕೊಂಡೆ. ಬೇರೆ ದಾರಿಯೂ ಇರಲಿಲ್ಲ.

ಕಣ್ಣು ಬಂದವು. ಪಟ್ಟಿ ಬಿಚ್ಚಿದ ದಿನ ಬಸಲಿಂಗಮ್ಮನವರು ಮೊದಲು ಕಂಡದ್ದು ಮಾಸ್ತರರ ಬೋಳುತಲೆಯನ್ನಂತೆ. “ಇಷ್ಟರಾಗ ಇದ್ದ ನಾಕು ಕೂದ್ಲಾನೂ ಹೋದುವೇನ್ರಿ?” ಎಂದು ಕೇಳಿದರಂತೆ. “ಸೋಮವಾರ ಗುಡ್ಡದ ಕಡೆ ಗಾಳಿಗೆ ಹೋಗಿಬರೂಣ, ತಯಾರಿರು,” ಎಂದು ಮಾಸ್ತರರು ಹೇಳಿದ್ದನ್ನು ನಾನೇ ಕೇಳಿದೆ. ಶನಿವಾರ ಬೆಳಗ್ಗೆ ಪೇಪರು ಓದುತ್ತ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ.

ಆ ಮನೆಯ ಆ ದಿನಗಳ ಮಾತನ್ನು ನಾನು ಹೆಚ್ಚು ಹೇಳಲಾರೆ. ಎಂಜಿನ್ನು ಹನ್ನೊಂದು ದಿನ ತಣ್ಣಗಿತ್ತು. ನಶ್ಯದ ಡಬ್ಬಿಯನ್ನು ಅವರ ಜೊತೆ ಮಣ್ಣಿಗಿಡಬೇಕೆಂದು ಬಸಲಿಂಗಮ್ಮನವರು ಇಡೀ ಮನೆ ಹುಡುಕಿಸಿದರು. ಸಿಗಲಿಲ್ಲ. ನನ್ನ ಬೆನ್ನ ಮೇಲೆ ಅದು ಮಣಭಾರವಾಯಿತು.

ಮುಂದೆ ಕಾರನ್ನು ಓಡಿಸಿದವನು ಬಸಲಿಂಗಮ್ಮನವರ ತಮ್ಮ ಕೊಟ್ರಪ್ಪ. ಜೀವನವಿಡೀ ಹಿಟ್ಟಿನ ಗಿರಣಿ ರಿಪೇರಿ ಮಾಡಿದ ಅವನಿಗೆ ಜಗತ್ತಿನ ಯಂತ್ರಗಳೆಲ್ಲ ಗಿರಣಿಯ ಬೀಗರು. ಒಂದು ದಿನ ಹಿಂದಿನ ಸೀಟಿನಿಂದ ಬಸಲಿಂಗಮ್ಮನವರ ಮಾತು ಕೇಳಿತು.

“ಒಮ್ಮೆನೂ ಕೈ ಮುಗೀಲಿಲ್ಲೋ ಕೊಟ್ರ್ಯಾ. ಬರೇ ಚಾಷ್ಟಿ ಮಾಡಿಕೋತ ಹೋದ್ರು. ಅಂಥವರನ್ನ ಯಾವ ದೇವರು ಒಳಗ ಕರಕೋತಾನ?”

“ಮಾವ ಮಾಸ್ತರಲ್ಲೇನಕ್ಕ? ಹಾಜರಿ ಹಾಕಾಕರ ಕರಕೋತಾನ ಬಿಡು.”

ಅವರು ನಗಲಿಲ್ಲ. ವರ್ಷ ತುಂಬುವ ದಿನ ಗುಡ್ಡ ಹತ್ತಿ, ಗಂಡನ ಪರವಾಗಿ ಗಾಳೆಮ್ಮನ ಮುಂದೆ ತಪ್ಪೊಪ್ಪಿಕೊಳ್ಳಬೇಕೆಂದು ನಿಶ್ಚಯಿಸಿಕೊಂಡಿದ್ದರು. ಆದರೆ ಅವರ ಕಣ್ಣು ಇನ್ನೂ ಸೂಕ್ಷ್ಮ, ಧೂಳು, ಬಿಸಿಗಾಳಿ ತಾಗಬಾರದೆಂದು ಡಾಕ್ಟರು ಹೇಳಿದ್ದರು. ಆದ್ದರಿಂದ ಗಾಜು ಏರಿಸಬೇಕು; ಕೊಪ್ಪಳದ ಏಪ್ರಿಲಿನಲ್ಲಿ ಗಾಜು ಏರಿಸಿದರೆ ಎ.ಸಿ. ಬೇಕೇ ಬೇಕು. ಸರಿಯಾಗಿ ಅದೇ ಹೊತ್ತಿಗೆ ನನ್ನಿಂದ ಸದ್ದು ಹೊರಟಿತು.

ಡಬ್ಬಿ ಕಟ್ಟಿದ ತಂತಿ ಸಡಿಲಾಗಿತ್ತು. ನಾನು ತಿರುಗತೊಡಗಿದರೆ ಮೈ ನಡುಗಿ ಡಬ್ಬಿ ‘ಘರ್ ಠಣ ಠಣ’ ಎನ್ನುತ್ತಿತ್ತು. ಎ.ಸಿ. ಆರಿಸಿದರೆ ಸದ್ದಿಲ್ಲ. ಹೀಗಿರುವಾಗ ತಪ್ಪು ನನ್ನದೆಂದು ಯಾರು ಹೇಳುವುದಿಲ್ಲ? ಪೇಟೆಯ ಮೆಕ್ಯಾನಿಕ್ ಬಾನೆಟ್ಟನ್ನೂ ಎತ್ತದೆ, “ಕಂಪ್ರೆಸರ್ ಹೋಗ್ಯಾದ. ಕಿತ್ತು ಒಗದು ಹೊಸಾದು ಹಾಕ್ರಿ,” ಎಂದ.

“ಅವರು ಇಟ್ಟು ಹೋದ ವಸ್ತು. ಒಗಿಯೂದು ಬ್ಯಾಡ,” ಎಂದರು ಬಸಲಿಂಗಮ್ಮನವರು.

“ನಾ ಅದೀನಲ್ಲಕ್ಕ! ಮನ್ಯಾಗ ಮಾಡ್ತೀನಿ. ಇದೂ ಗಿರಣಿನ, ಕಾಳಿನ ಬದ್ಲಿ ಗಾಳಿ ಬೀಸ್ತೈತಿ.”

ಅಂಗಳದ ಬೇವಿನ ಮರದ ಕೆಳಗೆ ನನ್ನ ಚಿಕಿತ್ಸೆ ಶುರುವಾಯಿತು. ಮೊದಲನೆಯ ದಿನ ಕೊಟ್ರಪ್ಪ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ನನ್ನ ಹೊಟ್ಟೆಗೆ, ಇನ್ನೊಂದು ತುದಿ ತನ್ನ ಕಿವಿಗೆ ಹಚ್ಚಿ ಕಣ್ಣು ಮುಚ್ಚಿದ. “ಬೇರಿಂಗ್ ಒಣಗೈತಿ,” ಎಂದು ತೀರ್ಪು ಕೊಟ್ಟು ಅರ್ಧ ಬಟ್ಟಲು ಹರಳೆಣ್ಣೆ ಸುರಿದ. ಎಣ್ಣೆ ಬೆಲ್ಟಿಗೆ ಹರಿದು ಬೆಲ್ಟು ಜಾರಿ ಹಂದಿಮರಿಯಂತೆ ಕಿರುಚತೊಡಗಿತು. ಈಗ ಎರಡು ಸದ್ದು.

“ಚಲೋ ಆತು,” ಎಂದರು ಬಸಲಿಂಗಮ್ಮನವರು. “ಮೊದಲು ತಾಳ ಒಂದ ಇತ್ತು. ಈಗ ಹಾಡೋರೂ ಬಂದ್ರು.”

ಎರಡನೆಯ ದಿನವೆಲ್ಲ ಬೆಲ್ಟು ತೊಳೆಯುವುದರಲ್ಲಿ ಹೋಯಿತು. ಮೂರನೆಯ ದಿನ ಕೊಟ್ರಪ್ಪ ನನ್ನನ್ನು ಬಿಚ್ಚಿಯೇ ನೋಡುವುದೆಂದು ತೊಡೆ ತಟ್ಟಿದ. ಒಳಗೆ ಗ್ಯಾಸು ಅದುಮಿಕೊಂಡಿದೆ, ಅದನ್ನು ಬಲ್ಲವರು ಮೊದಲು ಯಂತ್ರ ಹಚ್ಚಿ ತೆಗೆಯಬೇಕು ಎಂಬುದು ಗಿರಣಿ ಶಾಸ್ತ್ರದಲ್ಲಿ ಇರಲಿಲ್ಲ. ಪೈಪಿನ ನಟ್ಟಿಗೆ ಪಾನಾ ಹಾಕಿ ತಿರುವಿದ್ದೇ ತಡ, ನನ್ನ ಇಷ್ಟು ವರ್ಷದ ಉಸಿರು ಒಮ್ಮೆಗೇ ‘ಬುಸ್ಸ್ಸ್’ ಎಂದು ಹೊರನುಗ್ಗಿತು. ಕೊಟ್ರಪ್ಪ ಪಾನಾ ಬಿಸುಟು ಓಡಿದವನು ನೀರಿನ ತೊಟ್ಟಿಯ ಆಚೆ ನಿಂತ. ಅದೃಷ್ಟಕ್ಕೆ ಕಣ್ಣಿಗೆ ಕೈಗೆ ಏನೂ ಆಗಲಿಲ್ಲ.

ಬುಸುಗುಟ್ಟುವ ಸದ್ದು ಕೇಳಿ ಒಳಗಿನಿಂದ ಬಸಲಿಂಗಮ್ಮನವರು ಬಂದರು. ಕೈಯಲ್ಲಿ ಬಟ್ಟಲು ತುಂಬ ಹಾಲು!

“ಎಲ್ಲದಾನೋ ನಾಗಪ್ಪ? ಹೊಡೀಬ್ಯಾಡೋ, ಕೈ ಮುಗಿ ಮೊದಲು!”

“ನಾಗಪ್ಪ ಅಲ್ಲಕ್ಕ, ಗ್ಯಾಸು!”

“ಹಂಗಾರ ಹಾಲು ಏನ್ ಮಾಡ್ಲಿ?”

“ಚಾ ಮಾಡು,” ಎಂದ ಕೊಟ್ರಪ್ಪ, ಬೆವರು ಒರೆಸುತ್ತ.

ಚಹಾ ಕುಡಿದು ಮತ್ತೆ ಬಂದ. ಹಿಂಬದಿಯ ಬೋಲ್ಟು ಹಟ ಹಿಡಿದಿತ್ತು. ಸುತ್ತಿಗೆ ಎತ್ತಿ ಬೀಸಿದ. ಏಟು ಬೋಲ್ಟಿಗೆ ಬೀಳದೆ ಡಬ್ಬಿಗೆ ಬಿತ್ತು. ‘ಠಣ್!’ ಅದೇ ಸದ್ದು. ಎಂಜಿನ್ನು ನಿಂತಿದೆ, ನಾನು ಸತ್ತಂತೆ ಬಿದ್ದಿದ್ದೇನೆ, ಸದ್ದು ಮಾತ್ರ ಬಂತು. ಕೊಟ್ರಪ್ಪ ಬಾಯಿ ತೆರೆದು ಬಗ್ಗಿ ನೋಡಿದ. ಕೈ ತೂರಿಸಿ ತಂತಿ ಕಿತ್ತ.

“ಅಕ್ಕಾ... ಮಾವನ ನಶ್ಯದ ಡಬ್ಬಿ.”

ಬಸಲಿಂಗಮ್ಮನವರು ಕಟ್ಟೆಯ ಮೇಲೆ ಕುಳಿತು ತಾವೇ ಮುಚ್ಚಳ ತೆರೆದರು. ಬಿಸಿಗೆ ಕಂದಿದ ಕರವಸ್ತ್ರದ ನಡುವಿನಿಂದ ಎರಡು ಬೆಳ್ಳಿ ಕಣ್ಣು ಅವರನ್ನು ನೋಡಿದವು. ಸುತ್ತಿಗೆಯ ಏಟಿಗೆ ಒಂದು ಕಣ್ಣು ಸೊಟ್ಟಗಾಗಿತ್ತು. ಕಾಗದ ಬಿಡಿಸಿದಾಗ ಕೊಟ್ರಪ್ಪ, “ಕೊಡಕ್ಕ, ನಾ ಓದ್ತೀನಿ,” ಎಂದ.

“ಬ್ಯಾಡ. ನನಗ ಕಾಣ್ತೈತಿ.”

ಅವರು ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದರು.

“ಇವರಿಂದ: ಪಂಪಣ್ಣ, ನಿವೃತ್ತ ಶಿಕ್ಷಕ, ಕೊಪ್ಪಳ. ಇವರಿಗೆ: ಶ್ರೀ ಗಾಳೆಮ್ಮ ದೇವಿ, ಗುಡ್ಡ. ವಿಷಯ: ಹೆಂಡತಿಯ ಕಣ್ಣುಗಳ ಬಗ್ಗೆ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ನಾನು ಈವರೆಗೆ ತಮ್ಮನ್ನು ನಂಬಿದವನಲ್ಲ. ನನ್ನ ಹೆಂಡತಿ ನಂಬಿದ್ದಾಳೆ. ನನ್ನ ಬಾಯಿಗೆ ಹೆದರಿ ಅವಳು ಹರಕೆ ಹೊರಲಿಲ್ಲವಾದ್ದರಿಂದ ಅವಳ ಬದಲು ನಾನು ಹೊತ್ತಿದ್ದೇನೆ. ನನ್ನ ಮಾತನ್ನು ಅವಳ ಲೆಕ್ಕಕ್ಕೆ ಹಿಡಿಯಬಾರದು. ಕಣ್ಣು ಬಂದ ಕೂಡಲೇ ಖುದ್ದಾಗಿ ಬಂದು ಕೈ ಮುಗಿಯುತ್ತೇನೆ. ಈ ಸಂಗತಿ ಅವಳಿಗೆ ತಿಳಿಯದಂತೆ ನೋಡಿಕೊಳ್ಳಬೇಕಾಗಿ ವಿನಂತಿ.” ಕೆಳಗೆ ಸಹಿ, ತಾರೀಖು.

ಬಸಲಿಂಗಮ್ಮನವರು ಮೊದಲು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡೋ, ದೇವರಿಗೂ ವಿಷಯ ಅಂತ ಬರದಾರ!” ಎಂದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕೊಟ್ರಪ್ಪ ತಲೆ ತಗ್ಗಿಸಿ ನನ್ನ ಮೈಯ ಎಣ್ಣೆ ಒರೆಸುತ್ತ ನಿಂತ.

ವರ್ಷ ತುಂಬುವ ದಿನ ಬಂದೇ ಬಂತು. ಕೊಟ್ರಪ್ಪ ನನ್ನನ್ನು ಮೊದಲಿನಂತೆ ಕೂರಿಸಿದ್ದ. ಸದ್ದು ಇರಲಿಲ್ಲ, ಗ್ಯಾಸು ಹೋಗಿದ್ದರಿಂದ ತಂಪೂ ಇರಲಿಲ್ಲ. “ಗ್ಯಾಸು ತುಂಬಿಸಿ ಮುಂದಿನ ವಾರ ಹೋಗೂಣಕ್ಕ,” ಎಂದು ಬೇಡಿಕೊಂಡ. ಬಸಲಿಂಗಮ್ಮನವರು ಕೇಳಲಿಲ್ಲ. ಆಸ್ಪತ್ರೆಯವರು ಕೊಟ್ಟಿದ್ದ, ಅರ್ಧ ಮುಖ ಮುಚ್ಚುವ ಕಪ್ಪು ಕನ್ನಡಕ ಹಾಕಿಕೊಂಡು, ತಲೆಯ ಸುತ್ತ ಒದ್ದೆ ಟವೆಲು ಸುತ್ತಿಕೊಂಡು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ದಾರಿಯಲ್ಲಿ ಕುರಿ ಕಾಯುವವನೊಬ್ಬ ದರೋಡೆಕೋರರೆಂದು ಬಗೆದು ಕುರಿಗಳನ್ನು ಹೊಲಕ್ಕೆ ಇಳಿಸಿದ.

ಗುಡ್ಡದ ಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಹಿಂತಿರುಗುವಾಗ ಅವರಿಬ್ಬರು ಆಡಿಕೊಂಡ ಮಾತಿನಿಂದ ತಿಳಿದದ್ದು ಇಷ್ಟು. ಪೂಜಾರಿ ಬೆಳ್ಳಿ ಕಣ್ಣನ್ನು ತಿರುಗಿಸಿ ನೋಡಿ, “ಒಂದು ಸೊಟ್ಟ ಐತಲ್ಲಬೇ, ಇದನ್ನ ಹೆಂಗ ಏರಿಸೂದು?” ಎಂದನಂತೆ. ಅದಕ್ಕೆ ಬಸಲಿಂಗಮ್ಮನವರು, “ಇರಲಿ ಏರಸಪ್ಪ. ಅವರು ದೇವರನ್ನ ನೋಡ್ತಿದ್ದದ್ದ ಹಂಗ,” ಎಂದರಂತೆ.

“ತಪ್ಪಾತು ಅಂತ ಕೇಳಿಕೊಂಡ್ಯೇನಕ್ಕ ಮಾವನ ಪರವಾಗಿ?”

“ನಾ ಯಾಕ ಕೇಳ್ಲಿ? ಅರ್ಜಿ ಅವರ ಹಾಕಿದ್ರು. ನಾ ಬರೇ ಮುಟ್ಟಿಸಿ ಬಂದೆ.”

ಇದೆಲ್ಲ ಆಗಿ ಬಹಳ ವರ್ಷಗಳಾದವು. ಕಾರು ಗುಜರಿಗೆ ಹೋಯಿತು. ನನ್ನನ್ನು ಮಾತ್ರ ಕೊಟ್ರಪ್ಪ ಬಿಚ್ಚಿಕೊಂಡು, ಒಂದು ಮೋಟರು, ಒಂದು ಟ್ಯಾಂಕು ಜೋಡಿಸಿ, ಬೇವಿನ ಮರದ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂರಿಸಿದ್ದಾನೆ. ಈಗ ನಾನು ಓಣಿಯವರ ಸೈಕಲ್ಲಿಗೆ, ಹಾಲಿನವನ ಲೂನಾಕ್ಕೆ ಗಾಳಿ ತುಂಬುತ್ತೇನೆ. ಒಂದು ದಿನವೂ ಕೆಡದ ನನ್ನನ್ನು ಎಲ್ಲರೂ ಕೆಟ್ಟಿದೆ ಎಂದರು. ಬೇಸರವಿಲ್ಲ. ಒಬ್ಬರ ಮನಸ್ಸಿನ ಮಾತನ್ನು ಹೊತ್ತುಕೊಂಡವನು ಸ್ವಲ್ಪ ಸದ್ದು ಮಾಡುವುದು, ಆ ಸದ್ದಿಗೆ ಬೈಸಿಕೊಳ್ಳುವುದು ಸಹಜ.

ಶುಕ್ರವಾರ ಬಸಲಿಂಗಮ್ಮನವರು ಪೂಜೆ ಮುಗಿಸಿ, ಕೋಲೂರಿಕೊಂಡು ಶೆಡ್ಡಿಗೆ ಬರುತ್ತಾರೆ. ಎಂಬತ್ತರ ಹತ್ತಿರದ ವಯಸ್ಸು. ಕಣ್ಣು ಮಾತ್ರ ಇನ್ನೂ ಚುರುಕು. ಬಗ್ಗಿ, ನನ್ನ ಚಕ್ರದ ಮೇಲ್ಭಾಗದಲ್ಲಿ ಒಂದು ಜಾಗವನ್ನು ಸರಿಯಾಗಿ ಗುರುತಿಸಿ, ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾರೆ. ಆಗ ನನಗೆ ತಿಳಿಯುತ್ತದೆ, ನನ್ನ ಹಣೆ ಅಲ್ಲಿದೆ.