ಹದಿನೇಳನೇ ಪುಟದ ತ್ರಿಕೋನ

ಹೊಸ ಲೈಬ್ರರಿಯನ್ನಮ್ಮನಿಗೆ ಪುಸ್ತಕದಲ್ಲಿ ಪೆನ್ಸಿಲ್ ಗೀರು ಕಂಡರೆ ಮೈ ಉರಿಯುತ್ತಿತ್ತು. ಮುತ್ತಾತಂದಿರ ಕಾಲದಲ್ಲಿ ಸದಸ್ಯರೇ ಸೇರಿ ಕಟ್ಟಿದ ಲೈಬ್ರರಿ ಅದು. ಅಲ್ಲಿನ ಕಾದಂಬರಿಗಳ ಹದಿನೇಳನೇ ಪುಟ ತೆಗೆದರೆ ಸಾಕು, ಒಂದು ಚಂದ್ರ, ಒಂದು ಕೊಡೆ, ಒಂದು ತ್ರಿಕೋನ! ಯಾವುದೋ ಮಕ್ಕಳ ಕಿತಾಪತಿ ಅಂದುಕೊಂಡ ಪುಣ್ಯಾತ್ಗಿತ್ತಿ ತಿಂಗಳುಗಟ್ಟಲೆ ರಬ್ಬರ್ ಹಿಡಿದು ಕೂತು ಎಲ್ಲವನ್ನೂ ತಿಕ್ಕಿ ಅಳಿಸಿದಳು. ಸಮಿತಿಯವರು ಬೆನ್ನು ತಟ್ಟಿದರು. ಈಕೆ ಹಿಗ್ಗಿ ಹೀರೇಕಾಯಿಯಾದಳು.

ಹೀಗಿರುವಾಗ ಒಂದು ಬೆಳಿಗ್ಗೆ ನಿವೃತ್ತ ಗಣಿತದ ಟೀಚರ್ ಬಂದರು. ಮಂಡಿನೋವೆಂದು ಲೈಬ್ರರಿಯಿಂದ ಮನೆಗೇ ಪತ್ತೇದಾರಿ ಕಾದಂಬರಿ ತರಿಸಿಕೊಳ್ಳುತ್ತಿದ್ದವರು. ಸದಸ್ಯತ್ವದ ಕಾರ್ಡನ್ನು ಮೇಜಿನ ಮೇಲಿಟ್ಟು, ಇನ್ನು ಪುಸ್ತಕ ಕಳಿಸಬೇಡಿ ಎಂದರು.

ಯಾಕೆಂದು ಕೇಳಿದ್ದಕ್ಕೆ ಟೀಚರ್ ಹೇಳಿದ್ದಿಷ್ಟು. ಯಾವ ಪುಸ್ತಕ ತೆರೆದರೂ ಕೊಲೆಗಾರ ಯಾರೆಂದು ಅವರಿಗೆ ಮೂರನೇ ಅಧ್ಯಾಯದಲ್ಲೇ ಗೊತ್ತಾಗುತ್ತಿತ್ತು. ಮೊದಮೊದಲು ನನ್ನ ಬುದ್ಧಿಯೇ ಬುದ್ಧಿ ಅಂದುಕೊಂಡು ಬೀಗಿದರು. ಆಮೇಲೆ ಮುಂದಿನ ಪುಟದಲ್ಲಿ ಅಡುಗೆಯವನು ಏನನ್ನುತ್ತಾನೆ ಅನ್ನುವುದೂ ಮೊದಲೇ ಹೊಳೆಯತೊಡಗಿದಾಗ ಹೆದರಿಕೆಯಾಯಿತು. ಹದಿನೇಳನೇ ಪುಟ ನೋಡಿದರೆ ಅವರ ಗುರುತಿನ ತ್ರಿಕೋನವಿಲ್ಲ. ಅಲ್ಲಿಗೆ ಅದು ಓದದ ಪುಸ್ತಕ. ಓದದ್ದು ನೆನಪಾಗುವುದೆಂದರೇನು? ಜೊತೆಯಲ್ಲಿದ್ದ ತಂಗಿ ಇದು ಅರಳುಮರಳೇ ಎಂದು ತೀರ್ಮಾನಿಸಿ, ಮನೆಯ ಬೀಗದಕೈ ಕಿತ್ತುಕೊಂಡು, ವೃದ್ಧಾಶ್ರಮ ಹುಡುಕಿಬಿಟ್ಟಿದ್ದಳು. ಟೀಚರೂ ಪಾಪ, ಹೂಂ ಅಂದಿದ್ದರು.

"ಗುರುತು ಅಂದ್ರೆ ಏನು ಟೀಚರ್?" ಲೈಬ್ರರಿಯನ್ನಮ್ಮ ಕೇಳಿದಳು.

ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಹಳೇ ಸದಸ್ಯರು ತಲೆಗೊಂದು ಗುರುತು ಹಾಕಿಕೊಳ್ಳುವ ರೂಢಿಯನ್ನು ಟೀಚರ್ ವಿವರಿಸಿದರು. ಲೈಬ್ರರಿಯನ್ನಮ್ಮ ಮೇಜಿನ ಮೇಲಿದ್ದ ರಬ್ಬರನ್ನು ಮೆಲ್ಲಗೆ ಡ್ರಾಯರಿಗೆ ಸರಿಸಿದಳು. ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎದುರಿಗಿದ್ದ ಹಿರಿಯ ಜೀವ ವೃದ್ಧಾಶ್ರಮಕ್ಕೆ ಹೊರಟು ನಿಂತಿತ್ತು, ನೋಡಿ ಸಂಕಟವಾಯಿತು.

"ಅವನ್ನೆಲ್ಲ ಅಳಿಸಿದ್ದು ನಾನೇ ಟೀಚರ್."

ಟೀಚರ್ ಪಕ್ಕದ ಕಪಾಟಿನಿಂದ ಒಂದು ಪುಸ್ತಕ ಎಳೆದು ಇವಳ ಕೈಗಿತ್ತರು. ಕೊಂದವನು ವಕೀಲರ ಮೈದುನ, ಬಾವಿ ಹಗ್ಗದಿಂದ, ಎಂದರು. ಈಕೆ ಕೊನೇ ಪುಟ ತೆಗೆದಳು. ಮೈದುನನೇ, ಹಗ್ಗವೇ. ಇನ್ನೊಂದು ಪುಸ್ತಕ. ಅದೂ ಸರಿ. ಅಂದರೆ ಇವೆಲ್ಲ ಓದಿದ ಪುಸ್ತಕಗಳೇ, ನೆನಪು ಗಟ್ಟಿಯಾಗೇ ಇದೆ. ಟೀಚರ ಕಣ್ಣು ತುಂಬಿ ಬಂತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿ, ಲೈಬ್ರರಿಯನ್ನಮ್ಮನನ್ನು ಮನೆಲೆಕ್ಕ ಮಾಡದೆ ಬಂದ ಹುಡುಗಿಯಂತೆ ನಿಲ್ಲಿಸಿಕೊಂಡು ನೀರಿಳಿಸಿದರು. ಆಮೇಲೆ ಫೋನ್ ಎಳೆದುಕೊಂಡು ತಂಗಿಗೆ ಮಾಡಿದರು.

"ತಲೆ ಕೆಟ್ಟಿರೋದು ನನಗಲ್ಲ ಕಣೇ, ಈ ಲೈಬ್ರರಿಯನ್ನಮ್ಮನಿಗೆ."

ತಂಗಿ ನಂಬಲಿಲ್ಲ. ಟೀಚರ್ ಫೋನನ್ನು ಇವಳತ್ತ ಚಾಚಿದರು. ಅಷ್ಟರಲ್ಲಿ ಓದುವ ಕೋಣೆಯಲ್ಲಿ ಕೂತಿದ್ದ ಸಮಿತಿಯ ಅಧ್ಯಕ್ಷರು ಪೇಪರ್ ಕೆಳಗಿಳಿಸಿ ಇತ್ತಲೇ ನೋಡುತ್ತಿದ್ದರು. ಲೈಬ್ರರಿಯನ್ನಮ್ಮ ಫೋನ್ ತೆಗೆದುಕೊಂಡು, ಇಡೀ ಕೋಣೆಗೆ ಕೇಳುವಂತೆ ಹೇಳಿದಳು:

"ಹೌದಮ್ಮಾ, ತಲೆ ಕೆಟ್ಟಿರೋದು ನನಗೇ. ನಿಮ್ಮಕ್ಕನ ಬೀಗದಕೈ ವಾಪಸ್ ಕೊಟ್ಟುಬಿಡಿ."