ಪಾಚಿಗೆ ಕೊಡೋ ನೀರು

"ಏ ಕತ್ತೆಮುಂಡೆ, ಇಡೇ ಕೊಡ ಕೆಳಗೆ! ಅದು ಪಾಚಿಗೆ ಕೊಡೋ ನೀರು!"

ಧಣಿ ಒದ್ದ ರಭಸಕ್ಕೆ ನನ್ನ ಅತ್ತಿಗೆಯ ಕೊಡ ನಗ್ಗಿ ಉರುಳಿತು. ನೀರೆಲ್ಲ ಮಣ್ಣುಪಾಲು.

"ಮಗೂಗೆ ಭೇದಿ ನಿಲ್ತಿಲ್ಲ ಧಣಿ. ನಮ್ಮ ಕೇರಿ ನೀರು ನಾತ ಹೊಡೆಯುತ್ತೆ. ಒಂದೇ ಒಂದು ಕೊಡ..."

"ಕೇರಿ ನೀರಿಗೇನೇ ಧಾಡಿ? ಕಲ್ಲು ತಿಂದ್ರೂ ಕರಗಿಸೋ ಹೊಟ್ಟೆ ನಿಮ್ದು. ಕುಡೀರಿ, ಏನೂ ಆಗಲ್ಲ."

ಪಾಚಿಯಿಂದ ಎಣ್ಣೆ ತೆಗೆದು ಡೀಸೆಲ್ ಮಾಡುತ್ತಾರಂತೆ. ಅದಕ್ಕೇ ಈ ಉದ್ದುದ್ದ ತೊಟ್ಟಿಗಳು. ಗೋಡೆ ಉಜ್ಜುವವರು, ಪಾಚಿ ಬಸಿಯುವವರು ನಾವು. ಆ ಹಸಿರು ಮಹಾರಾಯನಿಗೆ ಶುದ್ಧ ಮಾಡಿದ ನೀರು, ಹೊತ್ತುಹೊತ್ತಿಗೆ ಗೊಬ್ಬರ, ಬಿಸಿಲೇರಿದರೆ ನೆರಳಿಗೆ ಪರದೆ. ನೀರು ಕದಡುವ ಯಂತ್ರ ಕುಡಿಯುವ ಡೀಸೆಲ್ಲಿನಷ್ಟು ಎಣ್ಣೆಯೂ ಇದುವರೆಗೆ ಬಂದಿಲ್ಲ. ಮೂಗಿಗಿಂತ ಮೂಗುತಿ ಭಾರ. ತೊಟ್ಟಿಗಿಳಿಯುವ ಮುನ್ನ ನಾವು ಸೋಪು ಹಾಕಿ ಕಾಲು ತೊಳೆಯಬೇಕು. ನಮ್ಮ ಕೊಳೆ ತಾಗಿದರೆ ಅದಕ್ಕೆ ಜಡ್ಡಾಗುತ್ತದಂತೆ. ನಮಗೆ ಜಡ್ಡಾದರೆ ಅವತ್ತಿನ ಕೂಲಿ ಇಲ್ಲ.

ಮರುದಿನ ದುಡ್ಡು ಹಾಕುವ ದೊಡ್ಡಮನುಷ್ಯರು ನೋಡಲು ಬಂದರು. ಧಣಿ ತೊಟ್ಟಿಯ ದಂಡೆಯ ಮೇಲೆ ನಿಂತು, ಕಣ್ಣಲ್ಲಿ ನೀರು ತಂದುಕೊಂಡು, "ಇದು ಬರೀ ಪಾಚಿಯಲ್ಲ, ನನ್ನ ಮಗು" ಅಂದ. ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು. ಯಾವಾಗ ತಟ್ಟಬೇಕೆಂದು ಮೇಸ್ತ್ರಿ ಬೆಳಿಗ್ಗೆಯೇ ಹೇಳಿಕೊಟ್ಟಿದ್ದ.

ಅಷ್ಟರಲ್ಲಿ ಅತ್ತಿಗೆ ಗುಂಪಿನ ನಡುವೆ ನುಗ್ಗಿ ಬಂದಳು. ಸೊಂಟದ ಮೇಲೆ ಅದೇ ನಗ್ಗಿದ ಕೊಡ, ತುಂಬ ಕೇರಿಯ ನೀರು.

"ನಿಮ್ಮ ಮಗೂಗೆ ನೀರು ತಂದಿದೀನಿ ಧಣಿ. ನನ್ನ ಮಗ ಕುಡಿಯೋದೂ ಇದನ್ನೇ."

ಕೊಡವನ್ನು ತೊಟ್ಟಿಯ ಮೇಲೆ ವಾಲಿಸಿದಳು. ಧಣಿಯ ಮುಖ ಬಿಳಿಚಿಕೊಂಡಿತು.

"ಬೇಡ ಕಣೇ! ಅದರಲ್ಲಿ ಹುಳ ಇದೆ! ಎಲ್ಲಾ ಸತ್ತೋಗುತ್ತೆ!"

 

"ಗೊತ್ತಿತ್ತೇನೋ ನಿಂಗೆ, ಬೋಳಿಮಗನೆ!" ಅಂದವಳೇ ಅತ್ತಿಗೆ ಕೊಡ ಬೋರಲು ಹಾಕಿದಳು.

ಅವಳ ಹಿಂದೆ ಕೇರಿಯ ಹೆಂಗಸರು ಸಾಲಾಗಿ ಬರುತ್ತಿದ್ದರು. ಎಲ್ಲರ ಸೊಂಟದಲ್ಲೂ ತುಂಬಿದ ಕೊಡ. ಅವನ್ನು ಇಸಿದುಕೊಂಡು ಸುರಿಯಲು ನಾನು ತೊಟ್ಟಿಗಿಳಿದೆ, ಕಾಲು ತೊಳೆಯದೆ.