ಜವರಯ್ಯನ ಕಂಬಳಿ

ಬೆಟ್ಟದಪುರದ ಹಳೆಯ ಛತ್ರದಲ್ಲಿ ದಿಕ್ಕಿಲ್ಲದ ಹದಿನಾಲ್ಕು ಮುದುಕರನ್ನು ನೋಡಿಕೊಳ್ಳುತ್ತಿದ್ದವಳು ಗುರುಶಾಂತಮ್ಮ. ದಿನಾ ಬೆಳಗ್ಗೆ ನೆಲಕ್ಕೆ ಫಿನಾಯಿಲು, ಸೋಮವಾರ ಹಾಸಿಗೆ ಬಟ್ಟೆಗೆ ಕುದಿನೀರು. ಹೊಗೆಸೊಪ್ಪು, ನಶ್ಯಗಳು ಹೊಸ್ತಿಲ ಆಚೆಗೇ. ಇಷ್ಟಾದರೂ ತಿಗಣೆ ಹೋಗಲಿಲ್ಲ. "ನಮ್ಮ ಹಾಸ್ಗೇಲಿ ಒಂದೂ ಇಲ್ಲ ಕಣವ್ವ. ಎಲ್ಲ ಜವರಯ್ಯನ ಕಂಬಳೀವು" ಎಂದು ಹದಿಮೂರು ಮಂದಿ ಆಣೆ ಇಟ್ಟರು.

ಆ ಕಂಬಳಿ ಇಪ್ಪತ್ತೆರಡು ವರ್ಷಗಳಿಂದ ನೀರು ಕಂಡಿರಲಿಲ್ಲ.

"ಕಂಬಳಿಗೆ ಮೈಲಿಗೆ ಇಲ್ಲ ಕಣವ್ವ" ಎಂದ ಜವರಯ್ಯ. "ದೇವರ ಮುಂದ್ಕೂ ಅದನ್ನೇ ಆಸೋದು."

"ಮೈಲಿಗೆ ಇಲ್ಲ, ಒಪ್ಪಿದೆ. ತಿಗಣೆ ಅದೆಯಲ್ಲ? ಪಕ್ಕದ ಹಾಸಿಗೆ ದೇವಯ್ಯನ ಬೆನ್ನು ನೋಡಿ, ಹುರಿಗಡಲೆ ಚೆಲ್ಲಿದಂಗಾಗಿದೆ."

"ಅವನ ಬೆನ್ನು ಉಟ್ದಾಗ್ಲಿಂದ್ಲೂ ಅಂಗೇ, ಬುಡಿ."

ಅವಳು ಕೈ ಚಾಚಿದಳು. ಜವರಯ್ಯ ಕಂಬಳಿಯನ್ನು ಹೆಗಲಿಗೆಳೆದುಕೊಂಡು ಕೋಲು ಹಿಡಿದ. "ನಮ್ಮ ಮನೆಯೋಳು ಪುಟ್ಟತಾಯಿ ಕೋಳಿ ಸಾಕಿ ತಕ್ಕೊಟ್ಟಿದ್ದು ಇದು. ಕುದಿನೀರಿಗಾಕಿದ್ರೆ ಕುಗ್ಗಿ ಕೂಸಿನ ಕುಲಾವಿ ಆಯ್ತದೆ. ನಾನು ಇಲ್ಲಿಂದ ಹೊಂಟೆ."

ಗುರುಶಾಂತಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಪ್ಪತ್ತು ದಾಟಿದ ಜೀವ. ಹೆಂಡತಿ ಸತ್ತ ಮೇಲೆ ಒಂದು ಸೂರಿಲ್ಲ. ಆದರೆ ಹೋಗಬೇಡವೆಂದರೆ ಎರಡು ಹೆಜ್ಜೆ ಹೆಚ್ಚೇ ಹಾಕುವ ಆಸಾಮಿ.

"ಎಲ್ಲಿಗೆ ಸವಾರಿ?"

"ಷಣ್ಮುಖಪ್ಪನೋರ ಬ್ಯಾರನ್ನಿಗೆ. ಹೊಗೆಸೊಪ್ಪು ಒಣಗ್ಸೋ ಆ ಮನೆಗೆ ಹದಿನೆಂಟು ವರ್ಸ ಬೆಂಕಿ ಆಕಿದೋನು ನಾನು."

"ಬಿಸಿಲಿಗೇ ತಲೆ ಸುತ್ತು ಅಂತೀರ. ಆ ಶಾಖ ತಡ್ಕೋತೀರಾ?"

"ಒಳಗೆ ಯಾರು ಮಲಗ್ತಾರೆ? ಜಗಲಿ ಐತೆ. ಕಡೇ ದಿನ ದಂಟು ಒಣಗ್ಸೋ ಶಾಖ ಕೊಟ್ರೆ ಒಳಗೆ ಹಲ್ಲಿ, ಜೇಡ, ಒಂದು ನರಪಿಳ್ಳೆ ಬದುಕಾಕಿಲ್ಲ, ಗೊತ್ತಾ?"

"ತಿಗಣೆ ಬದುಕ್ತದಾ?"

ಜವರಯ್ಯ ಕೋಲನ್ನು ಗೋಡೆಗೆ ಒರಗಿಸಿದ.

ಗುರುವಾರ ಬ್ಯಾರನ್ನಿನಿಂದ ಸೊಪ್ಪು ಇಳಿಸಿದ ಮೇಲೆ ಅವನೇ ಹೋಗಿ ಒಲೆಗೆ ಎರಡು ಕೊರಡು ತಳ್ಳಿದ, ಕಂಬಳಿಯನ್ನು ಸೊಪ್ಪಿನ ಗಳಕ್ಕೆ ನೇತುಹಾಕಿದ, ಸಂಜೆಯವರೆಗೆ ಬಾಗಿಲು ಕಾದ. ಛತ್ರದ ಅಂಗಳದಲ್ಲಿ ಕೊಡವಿದಾಗ ರಾಗಿ ಹೊಟ್ಟಿನಂತೆ ಒಣತಿಗಣೆ ಉದುರಿದವು. ಒಂದು ಹನಿ ನೀರು ಸೋಕಿರಲಿಲ್ಲ.

ಮರುದಿನದಿಂದ ಮುದುಕರೆಲ್ಲ ಜವರಯ್ಯನ ಪಕ್ಕಕ್ಕೇ ಜರುಗತೊಡಗಿದರು. ದೇವಯ್ಯ ಕಂಬಳಿಯ ಅಂಚನ್ನು ಮೂಗಿಗಿಟ್ಟು ಕಣ್ಣು ಮುಚ್ಚಿದ. "ಏನು ಹೊಗೆಸೊಪ್ಪಿನ ಗಮಲು ಕಣ್ಲಾ! ಮೂಸಿ ವರ್ಸಾಗಿತ್ತು."

ಸೋಮವಾರ ಹಂಡೆಗೆ ಉರಿ ಹಾಕುವಾಗ ದೇವಯ್ಯ ಹೊದಿಕೆ ಮಡಚಿಕೊಂಡು ಬಂದು ನಿಂತ. ಅವನ ಹಿಂದೆ ಸಾಲು.

"ನಿಮ್ಮದ್ರಲ್ಲಿ ಒಂದೂ ಇಲ್ಲ ಅಂತ ಆಣೆ ಇಟ್ಟಿದ್ರಲ್ಲ?" ಎಂದಳು ಗುರುಶಾಂತಮ್ಮ.

"ಅಯ್ಯೋ, ಹಿಂಡು ಹಿಂಡು ಅವೆ ಕಣವ್ವ" ಎಂದ ದೇವಯ್ಯ, ಬೆನ್ನು ಕೆರೆದುಕೊಳ್ಳುತ್ತ. "ನಿಮ್ಮ ಕುದಿನೀರಿಗೆಲ್ಲ ಸಾಯೋ ಪೈಕಿ ಅಲ್ಲ ಅವು."

ಜವರಯ್ಯ ಆಗಲೇ ಕೋಲು ಹಿಡಿದು, ಬ್ಯಾರನ್ನಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ.